ಪ್ರೇಮಿಗಳ ಮನೆಯಲ್ಲಿ ಒಲೆ ಇಲ್ಲವೇ? ಅ.ನ.ಕೃ. ಅವರ ಕಡೆಯ ಸಾಮಾಜಿಕ ಕಾದಂಬರಿಗಳ ಮೇಲೊಂದು ತಕರಾರು

ತಕರಾರು ಹೇಳುವ ಹಕ್ಕು ಪ್ರೀತಿಯಿಂದ ಓದಿದವನಿಗೆ ಇರುವಷ್ಟು ಮತ್ತಾರಿಗೂ ಇರುವುದಿಲ್ಲ. ಅ.ನ. ಕೃಷ್ಣರಾಯರ ಒಂದು ಪುಟವನ್ನೂ ತಿರುವದೆ ಅವರನ್ನು ಹಗುರವಾಗಿ ಆಡುವ ಪಂಡಿತರು ಕನ್ನಡದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಸಾಲಿನಲ್ಲಿ ನಮ್ಮನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಅವರ ಪುಸ್ತಕಗಳನ್ನು ರಟ್ಟು ಕಿತ್ತುಹೋಗುವಷ್ಟು ಓದಿದ, ಮಡಿವಂತರು ಅವರ ಮೇಲೆ ಬಿದ್ದಾಗ ಅವರ ಪಕ್ಷ ವಹಿಸಿ ಮಾತನಾಡಿದ ಸಾಮಾನ್ಯ ಓದುಗರ ಸಾಲು ನಮ್ಮದು. ಆದುದರಿಂದಲೇ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಪ್ರೇಮದ ಕಥೆಯಲ್ಲಿಯೂ ಅನ್ನದ ಲೆಕ್ಕ ಕೇಳಬೇಕೆಂದು ನಮಗೆ ಕಲಿಸಿದವರು ಅ.ನ.ಕೃ. ತಮ್ಮ ಕಡೆಯ ಹದಿನೈದು ವರ್ಷಗಳಲ್ಲಿ ಬರೆದ ಸಾಮಾಜಿಕ ಕಾದಂಬರಿಗಳ ಪೈಕಿ ಹೆಚ್ಚಿನವುಗಳಲ್ಲಿ ಆ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟವರೂ ಅವರೇ.

ತೀರಿಕೊಂಡು ಅರ್ಧ ಶತಮಾನ ದಾಟಿದವರ ಮೇಲೆ ಈಗೇಕೆ ಈ ದೂರು ಎಂದು ಕೇಳುವವರು ಇರುತ್ತಾರೆ. ಅ.ನ.ಕೃ. 1971ರಲ್ಲಿ ತೀರಿಕೊಂಡರು, ನಿಜ. ಆದರೆ ಆ ಕಾಲದ ಜನಪ್ರಿಯ ಕಾದಂಬರಿ ಹಾಕಿಕೊಟ್ಟ ಅಚ್ಚು ಇನ್ನೂ ತೀರಿಕೊಂಡಿಲ್ಲ. ಅವರ ನಂತರ ವಾರಪತ್ರಿಕೆಗಳ ಧಾರಾವಾಹಿಗಳು ಅದೇ ಅಚ್ಚಿನಲ್ಲಿ ಎರಕಗೊಂಡವು; ಇಂದು ಸಂಜೆಯಾದರೆ ಮನೆಮನೆಯ ಟಿ.ವಿ.ಯಲ್ಲಿ ಅದೇ ಬಂಗಲೆ, ಅದೇ ಒಡವೆ, ಅದೇ ಅಳು. ಔರಾದದ ಹಳ್ಳಿಯಲ್ಲಿ ದಿನವಿಡೀ ತೊಗರಿ ಹೊಲದಲ್ಲಿ ಬಗ್ಗಿ ಬಂದ ತಾಯಿ ಅದನ್ನು ನೋಡುತ್ತಾ ಕೂರುತ್ತಾಳೆ. ಆಕೆಯನ್ನು ನಾವು ದೂರುವುದಿಲ್ಲ. ಆಕೆಯ ಮುಂದೆ ಅದನ್ನು ತಂದಿಟ್ಟವರ ಹತ್ತಿರ ಲೆಕ್ಕ ಕೇಳುತ್ತೇವೆ.

ನಮ್ಮ ಓದಿಗೆ ತೆತ್ತ ಬೆಲೆ

ಬೀದರದವರಿಗೆ ಕನ್ನಡದ ಓದು ಪುಕ್ಕಟೆ ಸಿಕ್ಕಿದ್ದಲ್ಲ. ನಿಜಾಮರ ಆಳ್ವಿಕೆಯಲ್ಲಿ ಸರ್ಕಾರಿ ಕೆಲಸವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿಯೇ ಪಾಠ ಹೇಳಿತು. ಉರ್ದುವಿನ ಮೇಲೆ ನಮಗೆ ಹಗೆಯಿಲ್ಲ. ಅದೂ ಈ ಊರಿನ ದುಡಿಯುವವರ ಮನೆಮಾತೇ. ಆದರೆ ಕನ್ನಡದ ರೈತನ ಮಗನಿಗೆ ತನ್ನ ತಾಯಿಯ ಮಾತಿನಲ್ಲಿ ಅಕ್ಷರ ಕಲಿಯುವ ದಾರಿ ಇಕ್ಕಟ್ಟಾಗಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ ಸಂಗತಿ ಈ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ರಾಜ್ಯ ಬಿತ್ತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಕಡೆಯ ಸೀಮೆ ಮುಂಬಯಿ ರಾಜ್ಯಕ್ಕೆ ಹೋಯಿತು. ಜಹೀರಾಬಾದ, ನಾರಾಯಣಖೇಡ ಕಡೆಯದು ಆಂಧ್ರ ಪ್ರದೇಶಕ್ಕೆ ಹೋಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು.

ಹೀಗೆ ಕದ್ದುಮುಚ್ಚಿ ಕಲಿತ ಅಕ್ಷರದಿಂದ ಏನನ್ನು ಓದಬೇಕು? ಪಂಪ, ರನ್ನರು ಹೊಸದಾಗಿ ಕೂಡಿಸಿ ಓದುವವನ ಕೈಗೆ ಎಟಕುವವರಲ್ಲ. ಬೆಂಗಳೂರು, ಧಾರವಾಡಗಳಿಂದ ಬರುವ ಕಾದಂಬರಿ ಎಟಕುತ್ತಿತ್ತು. ಕನ್ನಡಿಗರ ಕೈಗೆ ಪುಸ್ತಕ ಕೊಟ್ಟು ಓದುವ ಚಟ ಹತ್ತಿಸಿದವರಲ್ಲಿ ಅ.ನ.ಕೃ. ಮೊದಲ ಸಾಲಿನವರು. ಈ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಋಣವಿದೆ ಎಂಬ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿರುವುದು ಜೀತದವನ ಬುದ್ಧಿ. ಬಚ್ಚಿಟ್ಟು ಕಾಪಾಡಿದ ಭಾಷೆಯನ್ನು ಯಾವುದಕ್ಕೆ ಖರ್ಚು ಮಾಡಿದೆವು ಎಂದು ಕೇಳಿಕೊಳ್ಳುವುದು ಈ ಜಿಲ್ಲೆಯವರಿಗೆ ಇತರರಿಗಿಂತ ಹೆಚ್ಚಾಗಿ ಸಲ್ಲುತ್ತದೆ.

ಕೊಟ್ಟ ಮಾತು

ಅ.ನ.ಕೃ. ಬರಿಯ ಪ್ರೇಮಕಥೆಯ ವ್ಯಾಪಾರಿಯಾಗಿ ನಮ್ಮ ಮುಂದೆ ಬಂದವರಲ್ಲ. 1934ರಲ್ಲಿ ‘ಜೀವನಯಾತ್ರೆ’, 1935ರಲ್ಲಿ ‘ಸಂಧ್ಯಾರಾಗ’. 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಪ್ರಗತಿಶೀಲ ಲೇಖಕರು ಕೂಡಿದರು. ಆ ಗಾಳಿ ಕನ್ನಡಕ್ಕೆ ಬೀಸಿದಾಗ, ನಲವತ್ತರ ದಶಕದಲ್ಲಿ, ಇಲ್ಲಿ ಅದರ ಮುಂದಾಳಾಗಿ ನಿಂತವರು ಅ.ನ.ಕೃ. ತ.ರಾ. ಸುಬ್ಬರಾವ್, ಬಸವರಾಜ ಕಟ್ಟೀಮನಿ, ನಿರಂಜನರಂಥವರು ಆ ಚಳುವಳಿಯ ಜೊತೆಗಾರರು. ಸಾಹಿತ್ಯ ಜನರ ಬದುಕಿಗೆ ಜವಾಬ್ದಾರಿ ಎಂದು ಅವರೆಲ್ಲ ಸಾರಿದರು. ಅದು ಖಾಸಗಿ ಕೋಣೆಯಲ್ಲಿ ಆಡಿದ ಮಾತಲ್ಲ, ವೇದಿಕೆಯ ಮೇಲೆ ನಿಂತು ಕೊಟ್ಟ ಭಾಷೆ. ಓದುಗ ಅದನ್ನು ನಂಬಿ ಕಾಸು ಕೊಟ್ಟು ಪುಸ್ತಕ ಕೊಂಡ.

ಆ ಮಾತನ್ನು ಅವರು ಕೆಲಕಾಲ ನಡೆಸಿಯೂ ಕೊಟ್ಟರು. ‘ನಗ್ನ ಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ಬಂದಾಗ ಮರ್ಯಾದಸ್ಥರ ಮನೆಗಳಲ್ಲಿ ಬೆಂಕಿ ಬಿದ್ದಂತಾಯಿತು. ಹೆಣ್ಣಿನ ಮೈ ಪೇಟೆಯ ಸರಕಾಗುವುದು ಹೇಗೆ ಎಂಬುದನ್ನು ಅವರು ಬರೆದಿದ್ದರು. ಅದನ್ನು ಅಶ್ಲೀಲವೆಂದು ಕೂಗಿದವರಿಗೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಆ ಕಾದಂಬರಿಗಳು ಕಲೆಯ ದೃಷ್ಟಿಯಿಂದ ಎಷ್ಟು ಗಟ್ಟಿ ಎಂಬ ಜಿಜ್ಞಾಸೆ ಬೇರೆ. ಹಗಲು ಛೀ ಎಂದವರೇ ರಾತ್ರಿ ಗಿರಾಕಿಗಳಾಗುವ ಸಮಾಜದ ಮುಖಕ್ಕೆ ಕನ್ನಡಿ ಹಿಡಿಯುವ ಎದೆ ಅಲ್ಲಿತ್ತು.

ಮೂರು ಪ್ರಶ್ನೆಗಳು

ಈ ಓದಿನಿಂದ ನಾವು ಕಲಿತದ್ದನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಯಾವ ಪ್ರೇಮದ ಕಾದಂಬರಿ ಕೈಗೆ ಬಂದರೂ ಕೇಳಿ ನೋಡಿ. ಒಂದು, ಈ ಪ್ರೇಮಿಗಳ ಮನೆಯಲ್ಲಿ ಒಲೆ ಯಾರ ದುಡಿಮೆಯಿಂದ ಉರಿಯುತ್ತದೆ? ಎರಡು, ಇವರ ಜಾತಿ ಯಾವುದು, ಅದರಿಂದ ಯಾರಿಗೆ ಏನು ಅಡ್ಡಿ? ಮೂರು, ಹೆಣ್ಣಿನ ಹೆಸರಿನಲ್ಲಿ ಏನಿದೆ? ಹೊಲವೋ, ಮನೆಯೋ, ಸಂಬಳವೋ, ಅಥವಾ ಬರಿಯ ಕುಂಕುಮವೋ?

‘ಸಂಧ್ಯಾರಾಗ’ಕ್ಕೆ ಕೇಳಿ. ಒಡೆದುಹೋಗುವ ಮನೆತನ, ಅದರೊಳಗೆ ಸಂಗೀತವೊಂದನ್ನೇ ನೆಚ್ಚಿಕೊಂಡ ಲಕ್ಷ್ಮಣ. ಕಲೆ ಹೊಟ್ಟೆ ತುಂಬಿಸದ ಸಂಕಟ ಅಲ್ಲಿ ಪುಟದಿಂದ ಪುಟಕ್ಕೆ ಕಾಣುತ್ತದೆ. ಆ ಮೂರು ವಿವಾದದ ಕಾದಂಬರಿಗಳಿಗೆ ಕೇಳಿ. ಮೂರನೆಯ ಪ್ರಶ್ನೆಯೇ ಅವುಗಳ ಕಥೆ: ಏನೂ ಇಲ್ಲದ ಹೆಣ್ಣು ಕೊನೆಗೆ ತನ್ನನ್ನೇ ಮಾರಿಕೊಳ್ಳಬೇಕಾಗುತ್ತದೆ.

ಇನ್ನು ಅವರ ಕಡೆಯ ದಿನಗಳ ಸಾಮಾಜಿಕ ಕಾದಂಬರಿಗಳನ್ನು ಕಪಾಟಿನಿಂದ ಕೈಗೆ ಬಂದಂತೆ ಐದನ್ನು ಎತ್ತಿಕೊಂಡು ಇದೇ ಪ್ರಶ್ನೆ ಕೇಳಿ. ನಮಗೆ ಸಿಕ್ಕ ಉತ್ತರ ಹೀಗಿದೆ. ನಾಯಕನಿಗೆ ಕೆಲಸವಿರುತ್ತದೆ, ಆದರೆ ಅವನು ಕೆಲಸ ಮಾಡುವುದು ಕಾಣುವುದಿಲ್ಲ. ಹಣ ಬೇಕಾದಾಗ ಒಬ್ಬ ಉದಾರಿ ದೊಡ್ಡ ಮನುಷ್ಯ ಬಾಗಿಲು ತಟ್ಟುತ್ತಾನೆ. ಅವನ ಹಣ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಎಲ್ಲರೂ ಕಾಫಿಯ ಮುಂದೆ ಕುಳಿತು ಕಲೆ, ಸಂಸ್ಕೃತಿ, ಕನ್ನಡಗಳ ಮೇಲೆ ಪುಟಗಟ್ಟಲೆ ಭಾಷಣ ಮಾಡುತ್ತಾರೆ. ಕಾಫಿ ಮಾಡಿ ತಂದವಳಿಗೆ ಮಾತಿಲ್ಲ. ಪ್ರೇಮಕ್ಕೆ ಬರುವ ಅಡ್ಡಿ ಒಂದು ತಪ್ಪು ತಿಳಿವಳಿಕೆ. ಒಂದು ಒಳ್ಳೆಯ ಮಾತಿನಿಂದ, ಒಂದು ಕಾಯಿಲೆಯಿಂದ, ಒಂದು ತ್ಯಾಗದಿಂದ ಅದು ಕರಗಿಹೋಗುತ್ತದೆ. ತ್ಯಾಗವೋ, ಸಾಮಾನ್ಯವಾಗಿ ಹೆಣ್ಣಿನದು. ಎಲ್ಲ ಪುಸ್ತಕಗಳೂ ಹೀಗೆ ಎಂದು ನಾವು ಹೇಳುವುದಿಲ್ಲ. ಆದರೆ ಒಂದರ ನಾಯಕಿಯನ್ನು ಎತ್ತಿ ಇನ್ನೊಂದರಲ್ಲಿ ಕೂರಿಸಿದರೂ ವ್ಯತ್ಯಾಸ ತಿಳಿಯದಷ್ಟು ಪುಸ್ತಕಗಳು ಹೀಗಿವೆ.

ರಕ್ಷಾಪುಟದ ಮೇಲೆ ‘ಸಾಮಾಜಿಕ ಕಾದಂಬರಿ’ ಎಂದು ಅಚ್ಚು ಹಾಕುತ್ತಿದ್ದರು. ಯಾವ ಸಮಾಜ ಸ್ವಾಮಿ? 1949ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದಿನ ಗೇಣಿ ಕಾಯಿದೆ ಬಂತು. ಉಳುವವನು ಮೊದಲ ಸಲ ಕಾಗದ ಹಿಡಿದು ತಹಸೀಲ್ದಾರರ ಮುಂದೆ ನಿಂತ. 1954ರಲ್ಲಿ ವಿಶೇಷ ವಿವಾಹ ಕಾಯಿದೆ, 1955ರಲ್ಲಿ ಹಿಂದೂ ವಿವಾಹ ಕಾಯಿದೆ, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ. ಮದುವೆ, ಆಸ್ತಿ, ಭೂಮಿ, ಮೂರೂ ಅಲುಗಾಡುತ್ತಿದ್ದ ಕಾಲ ಅದು. ಪ್ರೇಮದ ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಎಲ್ಲಿ ಸಿಕ್ಕೀತು? ಆ ಸುಗ್ಗಿಯಲ್ಲಿ ಕಣಕ್ಕೆ ಬಾರದೆ ಬೈಠಕ್ಕಿನಲ್ಲಿ ಕುಳಿತುಬಿಟ್ಟರು ಎಂಬುದೇ ನಮ್ಮ ದೂರು.

ಆಗದ ಕೆಲಸವಲ್ಲ

ಪ್ರೇಮದ ಕಾದಂಬರಿಯಲ್ಲಿ ಇದೆಲ್ಲ ಹಿಡಿಸದು, ಮಧುರವಾದದ್ದು ಕಹಿಯಾಗುತ್ತದೆ ಎನ್ನುವವರಿದ್ದಾರೆ. ಅವರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ತೆಗೆದು ನೋಡಲಿ. ಒಬ್ಬಳೇ ಮಗಳು ಇಂದಿರಾ. ತೋಟವೆಲ್ಲ ಅವಳಿಗೇ ಬರುತ್ತದೆಂಬ ಲೆಕ್ಕದಲ್ಲಿ ನಿಶ್ಚಯವಾದ ಮದುವೆ. ವರ ಮೋಹನ ಮಾವನಾಗುವವನ ಹಣದಲ್ಲಿ ಅಮೆರಿಕಕ್ಕೆ ಹೋಗಿ ಓದುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ತೋಟ ತಪ್ಪಿತೆಂದ ಮೇಲೆ ವರನ ಪ್ರೇಮವೂ ತಪ್ಪಿತು. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರ ಮಾಡಿದಾಗ ನಾಡಿಗೆ ನಾಡೇ ಅದನ್ನು ನೋಡಿತು. ಒಂದು ಕೂಸು ಹುಟ್ಟಿದ್ದರಿಂದ ಒಂದು ಪ್ರೇಮ ಸತ್ತುಹೋಗುವುದು ಯಾಕೆ? ಹುಟ್ಟಿದ್ದು ಗಂಡಾದ್ದರಿಂದ, ಆಸ್ತಿ ಗಂಡಿನದಾದ್ದರಿಂದ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಕಾನೂನಿಗಿಂತ ಮೊದಲೇ ತ್ರಿವೇಣಿ ಆ ಗಾಯದ ಮೇಲೆ ಬೆರಳಿಟ್ಟಿದ್ದರು. ಪುಸ್ತಕ ಮಧುರವೂ ಹೌದು, ನಿಜವೂ ಹೌದು. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯಲ್ಲಿಯೂ ಹುಡುಗಿಯ ಪ್ರೇಮಕ್ಕೆ ಅಡ್ಡ ನಿಂತದ್ದು ತಪ್ಪು ತಿಳಿವಳಿಕೆಯಲ್ಲ, ಅವಳು ಹುಟ್ಟಿದ ಮನೆ. ಅ.ನ.ಕೃ. ಅವರಿಗಿಂತ ಕಿರಿಯರು, ಮನೆಯೊಳಗಿದ್ದು ಬರೆದ ಹೆಣ್ಣುಮಕ್ಕಳು ಮಾಡಿದ ಈ ಕೆಲಸ ‘ಕಾದಂಬರಿ ಸಾರ್ವಭೌಮ’ರಿಗೆ ಅಸಾಧ್ಯವಿತ್ತೇ?

ಮದುವೆಯೆಂದರೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಬೀದರದವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ಈ ಜಿಲ್ಲೆಯಲ್ಲೇ ಇದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು. ಅದರ ಸಲುವಾಗಿ ತಂದೆಯರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಬಿಜ್ಜಳನ ರಾಜ್ಯವೇ ಅಲ್ಲೋಲಕಲ್ಲೋಲವಾಯಿತು ಎಂದು ಶರಣರ ಪರಂಪರೆ ಹೇಳುತ್ತದೆ. ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’ ನಾಟಕಗಳು ಆ ಕಾಲವನ್ನೇ ಎತ್ತಿಕೊಂಡವು. ಇತಿಹಾಸದ ಪ್ರೇಮಿಗಳಿಗೆ ಜಾತಿಯುಂಟು, ಆನೆಯ ಕಾಲುಂಟು. ಇಂದಿನ ಬಟ್ಟೆ ತೊಟ್ಟ ಪ್ರೇಮಿಗಳಿಗೆ ಮಾತ್ರ ಜಾತಿಯಿಲ್ಲ! ಎಂಟುನೂರು ವರ್ಷದ ಹಿಂದಿನ ಅನ್ಯಾಯಕ್ಕೆ ಕಣ್ಣೀರಿಡುವುದು ಸುಲಭ, ಅದರಿಂದ ಇಂದಿನ ಯಾವ ಸಾಹುಕಾರನಿಗೂ ಸಿಟ್ಟು ಬರುವುದಿಲ್ಲ.

ಸಮರ್ಥಕರಿಗೆ ಉತ್ತರ

ಅ.ನ.ಕೃ. ಅವರ ಅಭಿಮಾನಿಗಳು ಮುಖ್ಯವಾಗಿ ಎರಡು ಮಾತು ಹೇಳುತ್ತಾರೆ. ದಣಿದು ಬಂದವನಿಗೆ ಉಪದೇಶ ಬೇಡ, ತುಸು ಸಿಹಿ ಬೇಕು ಎಂಬುದು ಮೊದಲನೆಯದು. ದುಡಿಯುವವನಿಗೆ ಸಿಹಿ ಬೇಡವೆಂದು ನಾವೆಂದೂ ಹೇಳಿಲ್ಲ. ಪ್ರೀತಿ, ಹಾಡು, ಹಬ್ಬ ಇವು ಶ್ರೀಮಂತರ ಗುತ್ತಿಗೆಯಲ್ಲ. ಆದರೆ ಬೆಲ್ಲವೆಂದು ಕಾಸು ತೆಗೆದುಕೊಂಡು ಮಣ್ಣು ಬೆರೆಸಿ ಕೊಟ್ಟರೆ ಗಾಂಧಿ ಗಂಜಿನ ಅಂಗಡಿಯಲ್ಲಿ ನಮ್ಮ ರೈತ ಸುಮ್ಮನಿರುತ್ತಾನೆಯೇ? ಬಡವನ ಪ್ರೇಮಕ್ಕೆ ಬರುವ ಅಡ್ಡಿಗಳನ್ನು ಒಂದೊಂದಾಗಿ ಕಾಣೆಮಾಡಿ, ಪ್ರೇಮ ಗೆದ್ದಿತೆಂದು ಹೇಳುವುದು ಕಲಬೆರಕೆ. ಕೇಳಿ ಸಂತೋಷಪಟ್ಟವನು ಮರುದಿನ ಎದ್ದು ತನ್ನ ಸೋಲಿಗೆ ತನ್ನ ಹಣೆಬರಹವನ್ನೇ ಬೈದುಕೊಳ್ಳುತ್ತಾನೆ. ಪುಸ್ತಕದವರಿಗೆ ಸಾಧ್ಯವಾದದ್ದು ತನಗೆ ಯಾಕೆ ಸಾಧ್ಯವಾಗಲಿಲ್ಲ ಎಂದು ಅವನಿಗೆ ಅಲ್ಲಿ ಯಾರೂ ಹೇಳಿರುವುದಿಲ್ಲ.

ಅವರು ಲೇಖನಿಯನ್ನೇ ನಂಬಿ ಬದುಕಿದವರು, ಬರೆಯದಿದ್ದರೆ ಮನೆ ನಡೆಯುತ್ತಿರಲಿಲ್ಲ ಎಂಬುದು ಎರಡನೆಯ ಮಾತು. ಈ ಮಾತಿಗೆ ನಾವು ತಲೆಬಾಗುತ್ತೇವೆ. 1934ರಿಂದ 1971, ಮೂವತ್ತೇಳು ವರ್ಷ; ಕಾದಂಬರಿಗಳು ನೂರಕ್ಕೂ ಮಿಗಿಲು. ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಮೂರು. ಅದರ ಜೊತೆಗೆ ವಿಜಯನಗರದ ಮಾಲೆ, ವಿಮರ್ಶೆ, ಭಾಷಣ, ಕನ್ನಡದ ಹೋರಾಟ. ಯಾವ ಮನುಷ್ಯನ ಬೆನ್ನು ಇದನ್ನು ಹೊತ್ತೀತು? ಬರೆಯುವವನೂ ಕೂಲಿಗಾರನೇ, ಪುಟದ ಲೆಕ್ಕದಲ್ಲಿ ದುಡಿಯುವವನು, ಬೀಡಿಯ ಲೆಕ್ಕದಲ್ಲಿ ದುಡಿಯುವವಳು, ಇಬ್ಬರ ಪಾಡೂ ಒಂದೇ. ಆದರೆ ಈ ಸಮರ್ಥನೆ ಒಂದು ಸಂಗತಿಯನ್ನು ಮರೆಯುತ್ತದೆ. ಲೇಖಕನ ಮನೆಯ ಒಲೆಯ ಚಿಂತೆ ಇಷ್ಟು ನಿಜವಾಗಿದ್ದರೆ, ಅವನ ನಾಯಕನ ಮನೆಯಲ್ಲಿ ಆ ಚಿಂತೆ ಯಾಕೆ ಕಾಣೆಯಾಯಿತು? ತಾನು ಪಟ್ಟ ಪಾಡನ್ನೇ ಪುಸ್ತಕದಿಂದ ಹೊರಗಿಟ್ಟದ್ದು ಯಾರ ಸಂತೋಷಕ್ಕಾಗಿ? ಪುಸ್ತಕದ ಪೇಟೆಗೆ ಅದು ಬೇಕಾಗಿರಲಿಲ್ಲ. ಪೇಟೆಗೆ ಬೇಕಾದದ್ದು ಮುಂದಿನ ತಿಂಗಳು ಇನ್ನೊಂದು, ಅದೇ ಥರದ್ದು. ಮೊದಲು ಪೇಟೆಯ ಎದುರು ನಿಂತವರು ಕಡೆಗೆ ಪೇಟೆಯ ಗಡಿಯಾರಕ್ಕೆ ಬರೆದರು. ಇದು ಒಬ್ಬ ವ್ಯಕ್ತಿಯ ಪತನವೆಂದು ನಾವು ಎಣಿಸುವುದಿಲ್ಲ. ಪ್ರತಿಭೆಯನ್ನು ಪುಟದ ಲೆಕ್ಕದಲ್ಲಿ ಹಿಂಡುವ ವ್ಯಾಪಾರದ ಗೆಲುವು. ಆದರೆ ಗೆದ್ದವನ ಹೆಸರು ಹೇಳಿದ ಮೇಲೆ ಸೋತವನ ಹೆಸರನ್ನೂ ಹೇಳಲೇಬೇಕು.

ನಮ್ಮ ಕಥೆ ಎಲ್ಲಿ?

ಈ ಅಚ್ಚಿನ ಕಾದಂಬರಿಯಲ್ಲಿ ನಮ್ಮ ಊರಿನ ಬಿದರಿ ಹೂದಾನಿ ಮೇಜಿನ ಮೇಲೆ ಬಂದರೂ ಬಂದೀತು. ಕೋಟೆಯ ಮಣ್ಣು ತಂದು, ಸತುವು ಕರಗಿಸಿ, ಬೆಳ್ಳಿ ತಂತಿಯನ್ನು ಒಂದೊಂದೇ ಕೂರಿಸಿ, ಕಣ್ಣು ಸವೆಸಿಕೊಂಡ ಕುಶಲಕರ್ಮಿ ಬರುವುದಿಲ್ಲ. ಅವನೂ ಪ್ರೀತಿಸುತ್ತಾನೆ. ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋದ ಔರಾದದ ಹುಡುಗನೂ ಪ್ರೀತಿಸುತ್ತಾನೆ; ಮರಾಠಿ ಮನೆಮಾತಿನ ಹುಡುಗಿಗೂ ಕನ್ನಡ ಮನೆಮಾತಿನ ಹುಡುಗನಿಗೂ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಮಾತು ಬೆಳೆಯುತ್ತದೆ. ಅವರು ಬೇರೆ ಬೇರೆ ಜಾತಿಯವರೋ ಧರ್ಮದವರೋ ಆಗಿ, ವಿಶೇಷ ವಿವಾಹ ಕಾಯಿದೆಯಂತೆ ಲಗ್ನವಾಗಬೇಕೆಂದರೆ, ಅವರ ನೋಟೀಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಿ ಮೂವತ್ತು ದಿನ ಕಾಯಬೇಕು. ಆ ಮೂವತ್ತು ದಿನದಲ್ಲಿ ಸುದ್ದಿ ಊರಿಗೆ ಮುಟ್ಟುತ್ತದೆ, ಕುಲದವರು ಕೂಡುತ್ತಾರೆ, ಬಡಿಗೆ ಹೊರಬೀಳುತ್ತದೆ. ಒಪ್ಪಿದ ಇಬ್ಬರು ವಯಸ್ಕರ ಮದುವೆಗೆ ಅಡ್ಡ ಬರುವ ಅಧಿಕಾರ ಯಾವ ಜಾತಿ ಪಂಚಾಯಿತಿಗೂ ಇಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಶಕ್ತಿವಾಹಿನಿ ಮೊಕದ್ದಮೆಯಲ್ಲಿ ಹೇಳಿತು. ಹಾಗೆ ಹೇಳಬೇಕಾಗಿ ಬಂದದ್ದೇ ನಮ್ಮ ಕಾಲದ ಸಾಕ್ಷಿ. ಆ ಮೂವತ್ತು ದಿನಗಳ ಒಂದೊಂದು ರಾತ್ರಿಯೂ ಒಂದೊಂದು ಅಧ್ಯಾಯ. ಅದನ್ನು ಬಿಟ್ಟು, ಹರಿದ ಪತ್ರ, ಕೇಳಿಸದ ಮಾತು, ಕಾಣದ ಮಚ್ಚೆಗಳ ಮೇಲೆ ಕಥೆ ಕಟ್ಟುವವರನ್ನು ಏನನ್ನಬೇಕು?

ಬೀದರದಲ್ಲಿ 1960, 1985, 2006ರಲ್ಲಿ, ಮೂರು ಸಲ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮೆರವಣಿಗೆಯಾಯಿತು, ಊಟವಾಯಿತು, ಠರಾವುಗಳಾದವು. ಓದುಗನಿಗೆ ಮಾತ್ರ ಯಾರೂ ವೇದಿಕೆ ಕೊಡಲಿಲ್ಲ. ಆದುದರಿಂದ ಓದುಗನೇ ಎದ್ದು ನಿಲ್ಲಬೇಕಾಗಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಮನೆ ಕಂದಾಯದ ಜೊತೆ ಗ್ರಂಥಾಲಯದ ಕರವನ್ನೂ ತೆರುತ್ತೇವೆ. ಆ ಹಣದಲ್ಲಿ ಕೊಳ್ಳುವ ಪುಸ್ತಕಗಳ ಪಟ್ಟಿಯನ್ನು ಗ್ರಂಥಾಲಯದ ಬಾಗಿಲಲ್ಲಿ ಹಚ್ಚಲಿ. ಓದುಗರ ಅಭಿಪ್ರಾಯ ಕೇಳಿ ಕೊಳ್ಳಲಿ. ಅ.ನ.ಕೃ. ಅವರನ್ನು ಮತ್ತೆ ಅಚ್ಚು ಹಾಕುವವರು ‘ಸಂಧ್ಯಾರಾಗ’ವನ್ನು, ಆ ಮೂರು ಧೈರ್ಯದ ಪುಸ್ತಕಗಳನ್ನು ಮೊದಲು ಹಾಕಲಿ, ಲೆಕ್ಕ ತುಂಬಿಸಲು ಬರೆದದ್ದನ್ನು ಲೆಕ್ಕ ತುಂಬಿಸಲು ಮತ್ತೆ ಹಾಕುವುದು ಬೇಡ. ನಮ್ಮ ಹೊಸ ಹುಡುಗ ಹುಡುಗಿಯರು, ಔರಾದ, ಭಾಲ್ಕಿ, ಹುಮನಾಬಾದಗಳಲ್ಲಿ ಬರೆಯಲು ಕುಳಿತವರು, ಬೆಂಗಳೂರಿನ ಬಂಗಲೆಯನ್ನು ಕಣ್ಣಮುಂದೆ ತಂದುಕೊಳ್ಳದೆ ತಮ್ಮ ಓಣಿಯ ಪ್ರೇಮವನ್ನು ಬರೆಯಲಿ. ಭಾಷೆ ತುಸು ಒರಟಾದರೂ ಚಿಂತೆಯಿಲ್ಲ.

ಓದುಗ ಬಂಧುಗಳಿಗೆ ನಮ್ಮ ಬಿನ್ನಹ ಒಂದೇ. ಪುಸ್ತಕ ಕೈಗೆ ಬಂದಾಗ, ಟಿ.ವಿ. ಹಚ್ಚಿದಾಗ, ಆ ಮೂರು ಪ್ರಶ್ನೆ ಕೇಳಿರಿ. ಒಲೆ ಯಾರದು, ಜಾತಿ ಯಾವುದು, ಹೆಣ್ಣಿನ ಹೆಸರಿನಲ್ಲಿ ಏನಿದೆ? ಉತ್ತರ ಕೊಡದ ಕಥೆಯನ್ನು ಮಡಿಸಿಟ್ಟು ಇನ್ನೊಂದನ್ನು ಕೇಳಿರಿ. ಹೀಗೆ ಕೇಳುವುದನ್ನು ನಮಗೆ ಕಲಿಸಿದವರಲ್ಲಿ ಅ.ನ.ಕೃ. ಅವರೂ ಒಬ್ಬರು, ಅವರ ಮೇಲೆಯೇ ಅದನ್ನು ಕೇಳಿದರೆ ಅದು ಗುರುದ್ರೋಹವಲ್ಲ, ಕಲಿತ ಪಾಠ ಒಪ್ಪಿಸುವುದು.